ಕಚೇರಿಯ ಕೆಲಸಕ್ಕೆ ಅಳತೆಗೋಲು

ತಿಕೋಟಾದ ರೈತನೊಬ್ಬ ಮಗನನ್ನು ಕಾಲೇಜಿಗೆ ಸೇರಿಸಬೇಕೆಂದು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಿದ್ದಾನೆನ್ನಿ. ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುವಷ್ಟರಲ್ಲಿ ಪ್ರವೇಶದ ಕೊನೆಯ ದಿನ ಕಳೆದರೆ ಹುಡುಗನ ಒಂದು ವರ್ಷವೇ ಹೋಯಿತು. ಗುಮಾಸ್ತನಿಗೆ ಅದು ಕಟ್ಟಿನಲ್ಲಿಯ ಒಂದು ಕಾಗದ. ಆ ಮನೆಗೆ ಅದೇ ಮುಂದಿನ ದಾರಿ. ಆದುದರಿಂದ ನೌಕರನ ಕೆಲಸವನ್ನು ಅಳೆಯುವುದೆಂತು ಎಂಬುದು ಮೇಲಧಿಕಾರಿಗಳಷ್ಟೇ ಯೋಚಿಸತಕ್ಕ ವಿಷಯವಲ್ಲ.

ವಿಜಯಪುರ ತಾಲೂಕಿನಿಂದ ಬೇರ್ಪಟ್ಟು ತಿಕೋಟಾ, ಬಬಲೇಶ್ವರಗಳು ಈಗ ತಾವೇ ತಾಲೂಕುಗಳಾಗಿವೆ. ಕಚೇರಿ ಹತ್ತಿರ ಬಂದಿತು, ನಿಜ. ಕೆಲಸವೂ ಹತ್ತಿರ ಬರಬೇಕಲ್ಲವೆ?

ಇದಕ್ಕೆ ನಮ್ಮ ರಾಜ್ಯದಲ್ಲಿ ಒಂದು ಅಳತೆಗೋಲುಂಟು. ‘ಸಕಾಲ’ ಎಂದು ಹೆಸರಾದ 2011ರ ಕಾಯಿದೆಯು 2012ರ ಏಪ್ರಿಲ್ 2ರಿಂದ ರಾಜ್ಯದಲ್ಲೆಲ್ಲ ಜಾರಿಗೆ ಬಂದಿತು. ಪ್ರತಿಯೊಂದು ಸೇವೆಗೂ ಇಷ್ಟು ದಿನವೆಂದು ಗೊತ್ತುಪಡಿಸಿ, ಅರ್ಜಿದಾರನಿಗೆ ಸಂಖ್ಯೆಯುಳ್ಳ ರಸೀದಿ ಕೊಡಬೇಕೆಂದು ಮಾಡಿದರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ. ಅದರ ಹೊರೆ ತಡಮಾಡಿದ ನೌಕರನ ಮೇಲೆ. ಕಾಗದ ಯಾರ ಮೇಜಿನ ಮೇಲೆ ಕೂತಿದೆಯೆಂಬುದು ಹೀಗೆ ಬಯಲಾಗುತ್ತದೆ.

ಆದರೆ ದಿನ ಎಣಿಸಿದ ಮಾತ್ರಕ್ಕೆ ಕೆಲಸ ಅಳೆದಂತಾಗದು. ನಮ್ಮ ಕಡೆಯ ಒಣದ್ರಾಕ್ಷಿಯನ್ನೇ ನೋಡಿರಿ. ಬರಿಯ ತೂಕಕ್ಕೆ ಹಣ ಕೊಡುವುದಾದರೆ ಸರಿಯಾಗಿ ಒಣಗದ ಮಾಲೂ ತಕ್ಕಡಿ ಏರೀತು; ಅದಕ್ಕೇ ವ್ಯಾಪಾರಿ ಬಣ್ಣ ನೋಡುತ್ತಾನೆ, ಹಿಸುಕಿ ನೋಡುತ್ತಾನೆ. ಕಚೇರಿಯಲ್ಲಿಯೂ ಅಷ್ಟೆ. ಗಡುವು ತಪ್ಪೀತೆಂಬ ಅಂಜಿಕೆಯಿಂದ ಅಲ್ಪ ಕೊರತೆ ತೋರಿಸಿ ಅರ್ಜಿ ತಿರಸ್ಕರಿಸಿದರೆ ಲೆಕ್ಕ ಚೊಕ್ಕವಾಗುತ್ತದೆ, ರೈತನ ಕೆಲಸ ಮಾತ್ರ ಆಗುವುದಿಲ್ಲ. ಇನ್ನೊಂದೆಡೆ, ಮೂವರ ಕೆಲಸವನ್ನು ಒಬ್ಬನೇ ಹೊತ್ತವನಿಗೆ ದಂಡ ಹಾಕಿದರೆ ಬಾಕಿ ಕರಗೀತೆ?

ಆದಕಾರಣ ಕಚೇರಿಯ ಮುಖ್ಯಸ್ಥನಾದವನು ವಾರಕ್ಕೊಮ್ಮೆ ತನ್ನವರೊಡನೆ ಕುಳಿತು ಮೂರು ಮಾತು ಕೇಳಲಿ: ಎಷ್ಟು ಅರ್ಜಿ ಮುಗಿದವು? ಎಷ್ಟು ತಿರಸ್ಕೃತವಾದವು, ಏಕೆ? ಕೆಲಸಕ್ಕೆ ಅಡ್ಡಿಯೇನು? ಅಡ್ಡಿಯನ್ನು ತಾನು ನಿವಾರಿಸಲಿ; ತಪ್ಪನ್ನು ಒಬ್ಬನೇ ಇದ್ದಾಗ ತಿದ್ದಲಿ; ಒಳ್ಳೆಯ ಕೆಲಸವನ್ನು ನಾಲ್ವರೆದುರು ಹೊಗಳಲಿ. ಅಂಗಡಿ, ಬ್ಯಾಂಕು, ಶಾಲೆಗಳಿಗೂ ಇದೇ ಮಾತು ಸಲ್ಲುತ್ತದೆ.

ತಮ್ಮ ಪಾಲಿನ ಕೆಲಸವೂ ಇದೆ. ರಸೀದಿ ಕೇಳಿ ಪಡೆಯಿರಿ, ಜೋಪಾನ ಮಾಡಿರಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರೆದುಕೊಡಲು ಕೇಳಿರಿ, ಮೇಲ್ಮನವಿಗೆ ಅವಕಾಶವುಂಟು. ಕೆಲಸ ಚೆನ್ನಾಗಿ ಆದಾಗ ಆ ನೌಕರನಿಗೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿರಿ. ಅದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ.