ಗದ್ದದ ಕೆಳಗೆ ಮೊದಲು ಬೆರಳು, ಆಮೇಲೆ ಕೊಳವೆ



ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ತಾಯಿಯ ಜೊತೆ ನನ್ನ ಹತ್ತಿರ ಬಂದಿದ್ದಳು. ಮೊಬೈಲಿನಲ್ಲಿ ಪಕ್ಕದಿಂದ ತೆಗೆದ ತನ್ನ ಫೋಟೊ ತೋರಿಸಿದಳು. "ಇದೊಂದು ತೆಗೆದುಬಿಡಿ ಡಾಕ್ಟ್ರೇ, ಕುತ್ತಿಗೇನೇ ಕಾಣಲ್ಲ" ಅಂದರು ತಾಯಿ. ಗದ್ದದ ಕೆಳಗಿನ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು, "ಹಲ್ಲು ಕಚ್ಚಿ ಕುತ್ತಿಗೆ ಬಿಗಿ ಮಾಡಮ್ಮಾ" ಎಂದೆ. ಬಿಗಿ ಮಾಡಿದೊಡನೆ ಹಿಡಿದದ್ದು ಬಹುಪಾಲು ಜಾರಿಹೋಯಿತು. ಕೊಬ್ಬು ಚರ್ಮದಡಿಯಲ್ಲಿ ಇರಲಿಲ್ಲ, ಕುತ್ತಿಗೆಯ ಪ್ಲಾಟಿಸ್ಮಾ ಸ್ನಾಯುವಿನ ಅಡಿಯಲ್ಲಿತ್ತು. ಜೊತೆಗೆ ಗದ್ದದ ಮೂಳೆಯೂ ಹಿಂದೆ ಸರಿದಿತ್ತು. ಅವಳಿಗೆ ಕೊಳವೆಯಿಂದ ಕೊಬ್ಬು ಹೀರುವ ಲೈಪೊಸಕ್ಷನ್ ಮಾಡಿದ್ದರೆ ನೋವು ಸಿಗುತ್ತಿತ್ತು, ಕುತ್ತಿಗೆ ಸಿಗುತ್ತಿರಲಿಲ್ಲ.

ಉಪಕರಣಗಳ ಬಗ್ಗೆ ಈ ಗೋಷ್ಠಿಗಳಲ್ಲಿ ಬಹಳ ಮಾತು ನಡೆಯಲಿದೆ, ನಡೆಯಬೇಕು ಕೂಡ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಇಲೂಸ್ ಲೈಪೊಸಕ್ಷನ್‌ಗೆ ಮೊಂಡು ತುದಿಯ ಕೊಳವೆ ಹಿಡಿದದ್ದು ನಮ್ಮ ಕಸುಬನ್ನೇ ಬದಲಿಸಿತು. 1987ರಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ಟ್ಯುಮೆಸೆಂಟ್ ವಿಧಾನವನ್ನು ಪ್ರಕಟಿಸಿದರು. ಸಲೈನಿನಲ್ಲಿ ತೆಳುವಾಗಿ ಬೆರೆಸಿದ ಲಿಗ್ನೊಕೇಯ್ನ್ ಮತ್ತು ಅಡ್ರಿನಲಿನ್ ತುಂಬಿದರೆ ಜಾಗ ಮರಗಟ್ಟುತ್ತದೆ, ರಕ್ತನಾಳಗಳು ಕುಗ್ಗುತ್ತವೆ. ಹಾಗಾಗಿ ಪೂರ್ತಿ ಅರಿವಳಿಕೆ ಹೆಚ್ಚಿನವರಿಗೆ ಬೇಡ. ಸಣ್ಣ ಕೊಳವೆಗೆ ಗದ್ದದ ಕೆಳಗಿನ ಗೆರೆಯಲ್ಲಿ ಮೂರ್ನಾಲ್ಕು ಮಿಲಿಮೀಟರ್ ಗಾಯ ಸಾಕು. 2015ರಲ್ಲಿ ಗದ್ದದಡಿಯ ಕೊಬ್ಬು ಕರಗಿಸುವ ಡಿಯಾಕ್ಸಿಕೋಲಿಕ್ ಆಮ್ಲದ ಚುಚ್ಚುಮದ್ದಿಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಸೂಜಿಯಾದರೂ ಕೊಳವೆಯಾದರೂ, ಕೊಬ್ಬು ಯಾವ ಪದರದಲ್ಲಿದೆ ಎಂದು ಅವು ಹೇಳವು.

ಬೆರಳಿಗೆ ಇನ್ನೊಂದು ಕೆಲಸವೂ ಇದೆ. ಕೆಳದವಡೆಯ ಅಂಚಿನಲ್ಲಿ, ಮುಖದ ಅಪಧಮನಿ ದಾಟುವ ಜಾಗದಲ್ಲಿ, ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಅಲ್ಲೇ ಹತ್ತಿರದಲ್ಲಿ ಕೆಳತುಟಿಯನ್ನು ಕೆಳಗೆಳೆಯುವ ಸಣ್ಣ ನರ ಹಾದುಹೋಗುತ್ತದೆ, ಅದಕ್ಕೆ ಕೊಳವೆಯ ಪೆಟ್ಟು ತಾಗಬಾರದು. ಬೇರೊಬ್ಬರ ಹತ್ತಿರ ಗದ್ದದಡಿಯ ಕೊಬ್ಬು ತೆಗೆಸಿಕೊಂಡು ಬಂದ ಒಬ್ಬ ಮೇಷ್ಟ್ರು ನನ್ನೆದುರು ನಕ್ಕಾಗ ತುಟಿಯ ಒಂದು ಬದಿ ಕೆಳಗಿಳಿಯಲೇ ಇಲ್ಲ. ಕೆಲವು ತಿಂಗಳಲ್ಲಿ ಸರಿಹೋಯಿತು. ಅಲ್ಲಿಯವರೆಗೆ ಅವರು ಮಕ್ಕಳೆದುರು ನಗಲಿಲ್ಲ. ಅದನ್ನು ನಾನು ಮರೆತಿಲ್ಲ.

ಇನ್ನೊಂದು ಮಾತು. ಪೂರ್ತಿ ಬರಿದು ಮಾಡುವ ಆಸೆ ಬೇಡ. ಚರ್ಮದಡಿ ತೆಳುವಾದ ಕೊಬ್ಬಿನ ಹಾಸು ಉಳಿಯಬೇಕು, ಕೊಳವೆಯ ತೂತು ಚರ್ಮದ ಕಡೆ ತಿರುಗಬಾರದು. ಇಲ್ಲದಿದ್ದರೆ ಚರ್ಮ ಸ್ನಾಯುವಿಗೇ ಅಂಟಿ ಕುಳಿ ಬೀಳುತ್ತದೆ, ಆ ಕುಳಿಯನ್ನು ಸರಿಮಾಡುವುದು ಕೊಬ್ಬು ತೆಗೆಯುವುದಕ್ಕಿಂತ ಎಷ್ಟೋ ಕಷ್ಟ. ಕುತ್ತಿಗೆಯೊಳಗೆ ರಕ್ತ ಕಟ್ಟಿದರೆ ಉಸಿರುನಾಳವೇ ಒತ್ತಿಹೋಗಬಹುದು. ಆದ್ದರಿಂದ ತುರ್ತು ಸೌಲಭ್ಯವಿಲ್ಲದ ಕೋಣೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗೊರಕೆಯ ಬಗ್ಗೆ, ಥೈರಾಯ್ಡ್ ಬಗ್ಗೆ ಕೇಳದೆ ರೋಗಿಯನ್ನು ಮೇಜಿನ ಮೇಲೆ ಮಲಗಿಸಬೇಡಿ.

ಸಂಘಟಕರನ್ನು ಒಪ್ಪಿಸಿ ಮೊದಲ ಗೋಷ್ಠಿಯಿಂದ ವಿಡಿಯೊಗಳನ್ನು ಕೈಬಿಡಿಸಿದ್ದೇನೆ. ಅವುಗಳ ಬದಲು ತರಬೇತಿಯಲ್ಲಿರುವ ಕಿರಿಯರೆಲ್ಲ ಇಬ್ಬಿಬ್ಬರಾಗಿ ಎದುರುಬದುರು ಕುಳಿತುಕೊಳ್ಳಿ. ಒಬ್ಬರು ಇನ್ನೊಬ್ಬರ ಗದ್ದದ ಕೆಳಗಿನ ಮಡಿಕೆಯನ್ನು ಹಿಡಿಯಿರಿ, ಅವರು ಕುತ್ತಿಗೆ ಬಿಗಿ ಮಾಡಿದಾಗ ಬೆರಳಲ್ಲಿ ಎಷ್ಟು ಉಳಿಯಿತು, ಎಷ್ಟು ಜಾರಿತು ಎಂದು ಬರೆದುಕೊಳ್ಳಿ.