ಹಾಡು ಮುಗೀಲಿ ಅಂತ ಕುಂತಿದ್ದೆ



ಕಾರ್ಯದರ್ಶಿಯವರು ನನಗೆ "ಶಿಕ್ಷಣದ ಮಹತ್ವ" ಎಂಬ ವಿಷಯ ಕೊಟ್ಟಿದ್ದರು. ಬಿ.ಎ. ಎರಡನೇ ವರ್ಷದಲ್ಲಿ ಒಂದು ಪೇಪರ್ ಬಾಕಿ ಉಳಿಸಿಕೊಂಡವಳು ಆ ಭಾಷಣ ಮಾಡಿದರೆ ಮೊದಲು ನಗುವವಳು ನಮ್ಮವ್ವ. ಅದಕ್ಕೆ ವಿಷಯ ಬದಲಿಸಿಕೊಂಡೆ. ಮಂದಿಯ ನಡುವೆ ನಿಂತು, ಕುಂತು, ಒಮ್ಮೊಮ್ಮೆ ನೂಕಿಸಿಕೊಂಡು ನಾನು ಕೇಳಿದ ಹಾಡುಗಳ ಬಗ್ಗೆ ಮಾತಾಡುತ್ತೇನೆ. ಕೊನೆಗೆ ಸಂಘಕ್ಕೆ ಒಂದು ಮಾತು ಕೇಳುವುದೂ ಇದೆ.

ನನಗಾಗ ಏಳೆಂಟು ವರ್ಷ. ಏಪ್ರಿಲ್ 14ರ ರಾತ್ರಿ. ನಮ್ಮ ಅಕ್ಕಲಕೋಟ ಕಡೆಯ ಏಪ್ರಿಲ್ ನಿಮಗೆ ಗೊತ್ತೇ ಇದೆ, ಹೊತ್ತು ಮುಳುಗಿದರೂ ನೆಲ ಕಾವು ಬಿಡುವುದಿಲ್ಲ. ಸಮಾಜ ಮಂದಿರದ ಮುಂದಿನ ಬಯಲಿನಲ್ಲಿ ತಾಡಪತ್ರಿ ಹಾಸಿದ್ದರು. ಸೋಲಾಪುರದಿಂದ ಗಾಯನ ಪಾರ್ಟಿ ಬಂದಿತ್ತು. ಒಂದು ಪೇಟಿ, ಒಂದು ಢೋಲಕಿ, ಚಪ್ಪಾಳೆಗೆ ನಾಲ್ಕು ಮಂದಿ. ಕವ್ವಾಲಿ ಧಾಟಿಯ ಭೀಮಗೀತೆಗಳು. ಹಾಡು ಏರುತ್ತಿರುವಾಗಲೇ ಜನ ಎದ್ದು ಹೋಗಿ ಹತ್ತು-ಇಪ್ಪತ್ತರ ನೋಟು ಪೇಟಿಯ ಮೇಲೆ ಇಡುತ್ತಿದ್ದರು. ಹಾಡುವವರು ಅರ್ಧಕ್ಕೆ ನಿಲ್ಲಿಸಿ ಕೊಟ್ಟವರ ಹೆಸರು ಮೈಕಿನಲ್ಲಿ ಹೇಳಿ, ಬಿಟ್ಟ ಸಾಲಿಗೇ ಮತ್ತೆ ಬಂದು ಕೂಡುತ್ತಿದ್ದರು. ನಮ್ಮಪ್ಪನೂ ಎದ್ದು ಹೋಗಿ ಇಪ್ಪತ್ತು ರೂಪಾಯಿ ಇಟ್ಟು ಬಂದ. ಅವ್ವ ಕೂಲಿಯ ಲೆಕ್ಕ ಹಾಕಿ ಮುಖ ಗಂಟು ಹಾಕಿಕೊಂಡಳು. ಆಗ ಮೈಕಿನಲ್ಲಿ ಅಪ್ಪನ ಹೆಸರು ಬಂತು, ಹೆಸರಿನ ಜೊತೆಗೆ "ಸಾಹೇಬ್" ಅಂತಲೂ ಬಂತು.

ಊರಾಗ ಅಪ್ಪನ ಹೆಸರಿನ ಬಾಲಕ್ಕೆ "ಯಾ" ಹಚ್ಚಿ ಕರೆಯುವುದನ್ನು ಮಾತ್ರ ನಾನು ಕೇಳಿದ್ದೆ. ಹೊಲದ ಯಜಮಾನರ ಮನೆಯ ಚಡ್ಡಿ ಹಾಕಿದ ಹುಡುಗರೂ ಹಾಗೇ ಕರೆಯುತ್ತಿದ್ದರು, ಅಪ್ಪ "ಬಂದೆ ಧಣಿ" ಅಂತ ಓಡುತ್ತಿದ್ದ. ಆ ರಾತ್ರಿ ಅಪ್ಪ ತಲೆ ಎತ್ತಲಿಲ್ಲ, ತಾಡಪತ್ರಿಯ ಅಂಚು ಕೆದರುತ್ತ ಕೂತಿದ್ದ. ಅವ್ವನ ಮುಖದ ಗಂಟು ಬಿಚ್ಚಿತ್ತು. ಅಪ್ಪನ ಕಿವಿಯ ಹತ್ತಿರ ಬಾಗಿ, "ಇನ್ನೊಂದು ಹತ್ತು ಕೊಡೂಣೇನು?" ಅಂದಳು.

ಹಾಡುಗಳೆಲ್ಲ ಮರಾಠಿ. ವಾಮನದಾದಾ ಕರ್ಡಕ್ ಅವರ ಹೆಸರು ಮೊದಲು ಕೇಳಿದ್ದು ಅವತ್ತೇ. ದೊಡ್ಡವರಾದ ಮೇಲೆ ಅಕ್ಷರ ಕಲಿತ ಆ ಮನುಷ್ಯ ಸಾವಿರಾರು ಹಾಡು ಕಟ್ಟಿದರು. ಅವರಿಗಿಂತ ಮೊದಲು, 1930ರ ದಶಕದಲ್ಲಿ, ಭೀಮರಾವ್ ಕರ್ಡಕ್ ಅವರ ಜಲಸಾ ಊರೂರು ತಿರುಗಿ ಬಾಬಾಸಾಹೇಬರ ಮಾತನ್ನು ಓದಲು ಬಾರದವರಿಗೆ ಮುಟ್ಟಿಸಿತ್ತು. ಆದರೆ ನಮ್ಮದು ಕನ್ನಡ ಮನೆ, ಕನ್ನಡ ಶಾಲೆ. ಹಾಡು ನನಗೆ ಅರ್ಧ ತಿಳಿಯುತ್ತಿತ್ತು. ನಮ್ಮ ಆಯಿಗೆ ಸಂತೆಯಲ್ಲಿ ದರ ಕೇಳುವಷ್ಟು ಮರಾಠಿ ಬರುತ್ತಿತ್ತು, ಅಷ್ಟೇ. "ಏನಂದ್ರು?" ಅಂತ ನನ್ನನ್ನು ತಿವಿದು ಕೇಳುತ್ತಿದ್ದಳು. ನಾನು ಹೇಳುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು.

ಅದೇ ಆಯಿಯನ್ನು ಕರೆದುಕೊಂಡು, ನಾನು ಹತ್ತನೇ ತರಗತಿ ಮುಗಿಸಿದ ವರ್ಷ, ಡಿಸೆಂಬರ್ 6ಕ್ಕೆ ಮುಂಬೈಗೆ ಹೋದೆವು. 1956ರಲ್ಲಿ ಬಾಬಾಸಾಹೇಬರು ದಿಲ್ಲಿಯಲ್ಲಿ ತೀರಿಕೊಂಡ ದಿನ ಅದು. ಮರುದಿನ ಅವರ ಅಂತ್ಯಸಂಸ್ಕಾರವಾದ ದಾದರಿನ ದಂಡೆಯೇ ಈಗಿನ ಚೈತ್ಯಭೂಮಿ. ಸೋಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ, ಕಾಲು ಚಾಚಲು ಜಾಗವಿಲ್ಲ. ಆಯಿ ರೊಟ್ಟಿ-ಶೇಂಗಾ ಹಿಂಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಕೂತೇ ಬಂದಳು.

ಶಿವಾಜಿ ಪಾರ್ಕಿನಲ್ಲಿ ಇಳಿದ ಜನವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬಿಳಿ ಸೀರೆ, ಬಿಳಿ ಅಂಗಿ, ಎಲ್ಲಿ ನೋಡಿದರೂ ಪುಸ್ತಕದ ಅಂಗಡಿ. ದರ್ಶನದ ಸಾಲು ತಾಸುಗಟ್ಟಲೆ ಹರಿಯುತ್ತಿತ್ತು. ಪಾರ್ಕಿನ ತುಂಬ ಸಣ್ಣ ಸಣ್ಣ ಗುಂಪುಗಳು ಹಾಡುತ್ತಿದ್ದವು. ಕೆಲವರ ಹತ್ತಿರ ಢೋಲಕಿ, ಕೆಲವರ ಹತ್ತಿರ ಡಫ್, ಕೆಲವರ ಹತ್ತಿರ ಬರೀ ಚಪ್ಪಾಳೆ. ನೀರು ಕುಡಿದು ಬರುತ್ತೇನೆ ಅಂತ ಹೋದೆ. ತಿರುಗಿ ಬಂದರೆ ಆಯಿ ಇಲ್ಲ.

ಕಳೆದುಹೋದವರ ಹೆಸರು ಹೇಳುವ ಮಂಟಪಕ್ಕೆ ಅಳುತ್ತ ಹೋದೆ. ಅಲ್ಲಿದ್ದ ಕಾರ್ಯಕರ್ತರು ಮರಾಠಿಯಲ್ಲಿ ಎರಡು ಸಲ ಕೂಗಿದರು. "ಆಕೆಗೆ ಮರಾಠಿ ತಿಳಿಯೋದಿಲ್ಲ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಮೈಕು ನನ್ನ ಕೈಗೆ ಕೊಟ್ಟರು. ನಾನು ಮೈಕು ಹಿಡಿದದ್ದು ಅದೇ ಮೊದಲು. "ಆಯೀ, ಇದ್ದಲ್ಲೇ ಕುಂದ್ರು. ಯಾಕಡಿನೂ ಹೋಗಬ್ಯಾಡ. ನಾ ಬರ್ತೀನಿ" ಅಂದೆ. ಆ ಜನಸಾಗರದಲ್ಲಿ ನನ್ನ ಕನ್ನಡ ಎತ್ತ ಹೋಯಿತೋ ಅಂತ ಮತ್ತೆ ಅಳು ಬಂತು.

ಎರಡು ತಾಸಿನ ಮೇಲೆ ಸಿಕ್ಕಳು. ಕಲಬುರಗಿ ಕಡೆಯ ಹೆಣ್ಣುಮಕ್ಕಳು ವರ್ತುಲಾಗಿ ಕೂತು ಬೀಸುವ ಪದದ ಧಾಟಿಯಲ್ಲಿ ಬಾಬಾಸಾಹೇಬರನ್ನು ಹಾಡುತ್ತಿದ್ದರು, ಕನ್ನಡದಲ್ಲಿ. ಅವರ ನಡುವೆ ಆಯಿ ಕಣ್ಣು ಮುಚ್ಚಿ ಹಿಮ್ಮೇಳ ಹಿಡಿದಿದ್ದಳು. ಶಬ್ದ ಹೊಸವು, ಧಾಟಿ ಆಕೆಯ ಕಲ್ಲಿನ ಮುಂದಿನದೇ. ನನಗೆ ಸಿಟ್ಟು. "ನನ್ನ ದನಿ ಕೇಳಲಿಲ್ಲೇನು?" ಅಂದೆ. "ಕೇಳ್ತು. ಕುಂದ್ರು ಅಂದಿ, ಕುಂತೆ. ಹಾಡು ಮುಗೀಲಿ ಅಂತ ಕುಂತಿದ್ದೆ" ಅಂದಳು. ಆಯಿ ಈಗಿಲ್ಲ.

ಇನ್ನು ನಮ್ಮೂರ ಜಯಂತಿಯ ಡಿಜೆ. ಅಣ್ಣಂದಿರು ಬೇಸರ ಮಾಡಿಕೊಳ್ಳಬೇಡಿ, ನಾನೂ ಕುಣಿದವಳೇ. ಚಾವಡಿ ಮುಂದಿನ ದಾರಿಯನ್ನು ನಮ್ಮ ಮುತ್ಯಾ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದ. ಅದೇ ದಾರಿಯಲ್ಲಿ ಮೊಮ್ಮಕ್ಕಳು ಕಿಟಕಿ ನಡುಗುವಂತೆ ಸದ್ದು ಮಾಡಿ ಹೋಗುವುದು ನನಗೂ ಖುಷಿಯೇ. ಬೇರೆಯವರ ಉತ್ಸವದಲ್ಲಿ ಕಿವಿ ಮುಚ್ಚಿಕೊಂಡು ಸುಮ್ಮನಿದ್ದು, ನಮ್ಮ ಜಯಂತಿಗೆ ಮಾತ್ರ ಶಬ್ದಮಾಲಿನ್ಯ ನೆನಪು ಮಾಡಿಕೊಳ್ಳುವವರ ಮಾತಿಗೆ ನಾನು ದನಿಗೂಡಿಸುವುದಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಎನ್ನುವ 2000ದ ನಿಯಮ ಎಲ್ಲರಿಗೂ ಒಂದೇ.

ಆದರೆ ಎರಡು ವರ್ಷದ ಹಿಂದಿನ ಮೆರವಣಿಗೆಯಲ್ಲಿ ಆದದ್ದನ್ನು ಹೇಳಬೇಕು. ಚಾವಡಿ ಹತ್ತಿರದ ತಿರುವಿನಲ್ಲಿ ಟ್ರ್ಯಾಕ್ಟರ್ ನಿಂತಿತು, ಹಿಂದಿನವರು ನೂಕಿದರು. ನಾನೂ ಕಾಕಾನ ಮಗಳೂ ಗ್ವಾಡಿಗೆ ಸಿಕ್ಕಿಕೊಂಡೆವು. ಆ ನೂಕಿನಲ್ಲಿ ಯಾರದೋ ಕೈ ಮೈಮೇಲೆ ಬಂತು. ಆಕಸ್ಮಿಕ ಅಲ್ಲ, ಹೆಣ್ಣುಮಕ್ಕಳಿಗೆ ಅದು ತಿಳಿಯುತ್ತದೆ. ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಬಾಕ್ಸಿನಲ್ಲಿ ಬರುತ್ತಿದ್ದದ್ದು ಬಾಬಾಸಾಹೇಬರ ಹಾಡೇ ಇರಬೇಕು, ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆ ಕೈ ನಮ್ಮ ಓಣಿಯದೋ ಹೊರಗಿನದೋ ಗೊತ್ತಿಲ್ಲ. ದಾದರಿನಲ್ಲಿ ಅಷ್ಟು ಜನದ ನಡುವೆ ಒಬ್ಬಳೇ ಎರಡು ತಾಸು ಅಲೆದಿದ್ದೆ, ಅಲ್ಲಿ ಹೆದರಿದ್ದು ಆಯಿ ಸಿಗಲಿಲ್ಲ ಅಂತ ಮಾತ್ರ. ಅವತ್ತಿನಿಂದ ನಮ್ಮೂರ ಮೆರವಣಿಗೆಯನ್ನು ಮಾಳಿಗೆ ಮೇಲಿಂದ ನೋಡುತ್ತೇನೆ. ಇಲ್ಲಿ ಕೂತಿರುವ ಎಷ್ಟು ಹುಡುಗಿಯರು ಯಾಕೆ ಮಾಳಿಗೆ ಹತ್ತುತ್ತಾರೆ ಅಂತ ಅವರನ್ನೇ ಕೇಳಿ.

ಹೋದ ವರ್ಷ ಕಾಲೇಜಿನ ಯುವ ಮಹೋತ್ಸವದಲ್ಲಿ ಒಂದು ಹಲಗಿ ತಂಡ ಬಾರಿಸಿತು. ಸಭಾಗೃಹ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನನ್ನ ಮೈ ಜುಮ್ಮೆಂದಿತು, ಜೊತೆಗೇ ಹೊಟ್ಟೆಯಲ್ಲಿ ಏನೋ ತಿರುವಿದಂತಾಯಿತು. ನಮ್ಮ ಮುತ್ಯಾ ಹಲಗಿ ಬಾರಿಸುತ್ತಿದ್ದವನು. ಜಾತ್ರೆಗೆ ಪಲ್ಲಕ್ಕಿಯ ಮುಂದೆ, ಸತ್ತರೆ ಹೆಣದ ಮುಂದೆ, ಡಂಗುರಕ್ಕೆ ಓಣಿ ಓಣಿ. ಕೂಲಿ ಅಂದರೆ ಮೇಲಿನಿಂದ ಸೆರಗಿಗೆ ಹಾಕಿದ ರೊಟ್ಟಿ, ಸುಗ್ಗಿಯಲ್ಲಿ ಒಂದಿಷ್ಟು ಜೋಳ. ಸತ್ತ ದನದ ಮಾಂಸ ಬಿಡಿ, ಮಾನದಿಂದ ಬದುಕಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಹೇಳಿದ್ದರು. ಆ ಗಾಳಿ ನಮ್ಮೂರು ಮುಟ್ಟಲು ಎಷ್ಟೋ ವರ್ಷ ಹಿಡಿಯಿತು. ಮುಟ್ಟಿದ ವರ್ಷ ಮುತ್ಯಾ ಒಂದು ಹೆಣದ ಮುಂದೆ ಬಾರಿಸಲು ಹೋಗಲಿಲ್ಲ. ಮರುದಿನದಿಂದ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮುತ್ಯಾ ಸೋಲಾಪುರಕ್ಕೆ ಹೋಗಿ ಹಮಾಲಿ ಮಾಡಿದ. ಹಲಗಿ ಗ್ವಾಡಿಯ ಮೊಳೆಯಲ್ಲೇ ಉಳಿಯಿತು. ಚರ್ಮ ಇಲಿ ತಿಂದು, ನಾನು ನೋಡುವಷ್ಟರಲ್ಲಿ ಬರೀ ಬಳೆ ಇತ್ತು.

ಆ ಬಳೆ ಇಳಿಸಿಕೊಂಡು ಬಂದು ಕಲಿಸು ಅಂದೆ. ಅವ್ವ ರೇಗಿದಳು: "ಅವ ಹೊಟ್ಟಿ ಕಟ್ಟಿ ಕೆಳಗಿಟ್ಟದ್ದನ್ನ ನೀ ಕಾಲೇಜು ಕಲ್ತು ಎತ್ತಿ ಹಿಡೀತಿ?" ಅವ್ವನ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಪೂರಾ ಉತ್ತರ ಇಲ್ಲ. ಮುತ್ಯಾ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಕೇಳಿದ, "ಯಾರ ಮುಂದ ಬಾರಸ್ತಿ?"

"ಬಾಬಾಸಾಹೇಬರ ಫೋಟೋ ಮುಂದ. ಚಾವಡಿ ಮುಂದ."

"ರೊಟ್ಟಿ ಕೊಟ್ರ ಇಸಗೋತಿಯೇನು?"

"ಇಲ್ಲ."

ಚರ್ಮ ಹಚ್ಚಿಸಲು ಮುತ್ಯಾ ತಾನೇ ದುಡ್ಡು ಕೊಟ್ಟ. ಹುಲ್ಲಿನ ಉರಿಗೆ ಹಲಗಿ ಹೇಗೆ ಕಾಸಬೇಕು, ಯಾವಾಗ ಹಿಂದೆ ಎಳೆಯಬೇಕು, ಬೆರಳಲ್ಲಿ ಮಿಡಿದರೆ ಎಂಥ ದನಿ ಬರಬೇಕು, ಎಲ್ಲ ತೋರಿಸಿದ. ಬಲಗೈಯ ದಪ್ಪ ಕೋಲು ತಾಳ ಹಿಡಿಯುತ್ತದೆ, ಎಡಗೈಯ ಸಪೂರ ಕಡ್ಡಿ ಮಾತಾಡುತ್ತದೆ ಅಂತಾನೆ. ನನ್ನ ಎಡಗೈ ಇನ್ನೂ ತೊದಲುತ್ತದೆ. ಹೆಣದ ಮುಂದಿನ ಪೆಟ್ಟು ಮಾತ್ರ ಅವ ಕಲಿಸಲಿಲ್ಲ. ನಾನೂ ಕೇಳಲಿಲ್ಲ. ಈಗ ನಮ್ಮ ಓಣಿಯ ಐವರು ಹುಡುಗಿಯರು ನಾಲ್ಕು ಬಗೆಯ ಪೆಟ್ಟು ಬಾರಿಸುತ್ತೇವೆ.

ಸಂಘಕ್ಕೆ ನಾನು ಕೇಳುವುದು ಇಷ್ಟು. ಬರುವ ಏಪ್ರಿಲ್ 14ಕ್ಕೆ ಮೆರವಣಿಗೆ ಚಾವಡಿಗೆ ಬಂದಾಗ ಒಂದು ತಾಸು ಡಿಜೆ ಬಂದ್ ಇರಲಿ. ಆ ಒಂದು ತಾಸು ಹಲಗಿ ಇರಲಿ, ತಿಳಿಯುವ ಕನ್ನಡದ ಪದ ಇರಲಿ, ಮೈಕು ಹೆಣ್ಣುಮಕ್ಕಳ ಕೈಯಲ್ಲಿರಲಿ. ನಾವು ಟ್ರ್ಯಾಕ್ಟರಿನ ಹಿಂದೆ ಅಲ್ಲ, ಮುಂದೆ ನಡೆಯುತ್ತೇವೆ. ನಮ್ಮ ಸುತ್ತ ಹಗ್ಗ ಹಿಡಿದು ನಡೆಯುವ ಅಣ್ಣಂದಿರ ಹೆಸರನ್ನು ಈ ರಾತ್ರಿಯೇ ಬರೆದುಕೊಳ್ಳಬೇಕು. ಪಟ್ಟಿ ಎತ್ತುವಾಗ ಹೆಸರು ಬರೆಯುತ್ತೀರಲ್ಲ, ಹಾಗೆ. ಮೈಕಿನಲ್ಲಿ ಅವರ ಹೆಸರನ್ನು ನಾನೇ ಹೇಳುತ್ತೇನೆ, "ಸಾಹೇಬ್" ಹಚ್ಚಿ ಹೇಳುತ್ತೇನೆ.

ಹೊರಗೆ ಹುಲ್ಲಿನ ಹೊಗೆ ಕಾಣುತ್ತಿದೆ, ಗೆಳತಿಯರು ಹಲಗಿ ಕಾಸುತ್ತಿದ್ದಾರೆ. ಮುತ್ಯಾನೂ ಬಂದಾನ, ಬಾಗಿಲ ಹತ್ತಿರ ಕುರ್ಚಿ ಕೊಟ್ಟರೂ ಕಟ್ಟೆಯ ಮೇಲೇ ಕೂತಾನ. ತಡ ಮಾಡಿದರೆ ಚರ್ಮ ಸಡಿಲಾಗುತ್ತದೆ, ನನಗೆ ಬೈಗಳು ಬೀಳುತ್ತದೆ. ಹೋಗಿ ಬರುತ್ತೇನೆ. ಜೈ ಭೀಮ್.