ಮಧುಮೇಹವೂ ಕಣ್ಣಿನ ಪರೀಕ್ಷೆಯೂ
(ವನಗೂರಿನಲ್ಲಿ ಭಕ್ತಮಹಾಜನರ ಸಭೆಯಲ್ಲಿ ಮಾಡಿದ ಭಾಷಣ)

ಇಂತಹ ಮಹೋತ್ಸವದಲ್ಲಿ ರೋಗದ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರು ಹಿರಿಯರು ನನ್ನನ್ನು ಕೇಳಿದರು. ಉಚಿತವೆಂದೇ ನನ್ನ ಎಣಿಕೆ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವುದನ್ನು ನಿತ್ಯವ್ರತವಾಗಿ ಕೈಕೊಂಡವರಿಗೆ ಕಣ್ಣಿನ ವಿಚಾರವು ಹೊರಗಿನ ವಿಚಾರವಾಗಲಾರದು.

ನಮ್ಮ ಜನರಿಗೆ ಕಣ್ಣಿನ ರೋಗವೆಂದರೆ ಪೊರೆಯೊಂದೇ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾಗಿ ಮುಂದೆ ಮಿಂಟೋ ಎಂಬ ಹೆಸರನ್ನು ಪಡೆದ ಕಣ್ಣಿನ ಆಸ್ಪತ್ರೆಯನ್ನೂ, ಊರೂರು ತಿರುಗಿ ಶಿಬಿರಗಳನ್ನು ನಡೆಸಿ ಅಸಂಖ್ಯಾತರಿಗೆ ಪೊರೆಯನ್ನು ತೆಗೆದ ಡಾಕ್ಟರ್ ಎಂ. ಸಿ. ಮೋದಿಯವರನ್ನೂ ಹಳಬರು ಇಂದಿಗೂ ಕೈಮುಗಿದು ನೆನೆಯುತ್ತಾರೆ. ನೆನೆಯತಕ್ಕದ್ದೇ. ಆದರೆ ಆ ಉಪಕಾರದ ನೆನಪಿನಿಂದಲೇ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆಯೂ ಬೇರೂರಿದೆ. ಮಂಜಾದರೆ ಆಗಲಿ, ಹಣ್ಣಾಗಲಿ, ಆಮೇಲೆ ತೆಗೆಯಿಸಿದರಾಯಿತು ಎಂಬುದೇ ಆ ತಿಳಿವಳಿಕೆ. ಪೊರೆಯ ಮಟ್ಟಿಗೆ ಕಾದವನಿಗೂ ಬಹುಮಟ್ಟಿಗೆ ಕಣ್ಣು ಮರಳಿ ಬರುವುದು. ಮಧುಮೇಹವು ಕಣ್ಣಿಗೆ ಮಾಡುವ ಕೇಡು ಅಂತಹುದಲ್ಲ. ಅದರಲ್ಲಿ ಕಾದವನು ಕಳೆದುಕೊಂಡದ್ದನ್ನು ಪೂರ್ತಿಯಾಗಿ ಮರಳಿ ಪಡೆಯುವುದು ವಿರಳ.

ಕಾರಣವನ್ನು ಸ್ವಲ್ಪ ವಿವರಿಸುವೆನು. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಅಕ್ಷಿಪಟಲವುಂಟು. ಅದಕ್ಕೆ ಆಹಾರವನ್ನೊದಗಿಸುವ ರಕ್ತನಾಳಗಳು ಕೂದಲಿಗಿಂತಲೂ ಸೂಕ್ಷ್ಮವಾದುವು. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಮಿತಿಮೀರಿ ನಿಂತರೆ ಆ ನಾಳಗಳ ಗೋಡೆಗಳು ಸಡಿಲವಾಗಿ, ಅಲ್ಲಲ್ಲಿ ಚುಕ್ಕಿಯಂತೆ ಉಬ್ಬಿ, ಒಂದೆರಡು ತೊಟ್ಟು ರಕ್ತವನ್ನೋ ಜಿಡ್ಡಿನಂತಹ ಹಳದಿಯ ದ್ರವ್ಯವನ್ನೋ ಒಸರುವುವು. ಇದೇ ಆರಂಭದ ಹಂತ. ಈ ಹಂತದಲ್ಲಿ ನೋವಿಲ್ಲ, ಉರಿಯಿಲ್ಲ, ಮಂಜಿಲ್ಲ. ಗೋಡೆಯ ಮೇಲಿನ ಅಕ್ಷರಪಟ್ಟಿಯ ಕಡೆಯ ಸಾಲನ್ನೂ ರೋಗಿಯು ಸಲೀಸಾಗಿ ಓದಿಬಿಡುವನು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತನು ಜೀವಂತ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಲೋಕಕ್ಕೆ ತಿಳಿಸದಿದ್ದರೆ ಇದು ಇಂದಿಗೂ ವೈದ್ಯರಿಗೆ ಅಗೋಚರವಾಗಿಯೇ ಇರುತ್ತಿತ್ತು.

ನಾಲ್ಕು ವರ್ಷಗಳ ಹಿಂದೆ, ಯಾವ ತೊಂದರೆಯೂ ಇಲ್ಲದ ನನ್ನ ಕಣ್ಣುಗಳಲ್ಲಿ ವಾಡಿಕೆಯ ಪರೀಕ್ಷೆಯ ಕಾಲಕ್ಕೆ ಈ ಚುಕ್ಕಿಗಳು ಕಂಡುಬಂದುವು. “ಆರಂಭದ ಬದಲಾವಣೆಗಳಿವೆ, ಕಣ್ಣಿಗೆ ಈಗ ಚಿಕಿತ್ಸೆ ಬೇಡ, ವರ್ಷಕ್ಕೆ ತಪ್ಪದೆ ಬರತಕ್ಕದ್ದು” ಎಂದು ಹೇಳಿ ವೈದ್ಯರು ಮುಂದಿನವರನ್ನು ಕರೆದರು. ಈ ಮಾತು ನನ್ನನ್ನು ಬಹಳವಾಗಿ ಕಾಡಿತು. ರೋಗವಿದ್ದರೆ ಔಷಧವೇಕಿಲ್ಲ? ಔಷಧ ಬೇಡವಾದರೆ ಹೇಳಿ ಹೆದರಿಸಿದುದೇಕೆ? ರಾತ್ರಿಯ ಹೊತ್ತು ಎದ್ದು ಕುಳಿತು, ಒಂದು ಕಣ್ಣನ್ನು ಮುಚ್ಚಿ ಮತ್ತೊಂದರಿಂದ ಲೆಕ್ಕದ ಪುಸ್ತಕದ ಸಾಲುಗಳನ್ನು ನೋಡುತ್ತಿದ್ದೆನು. ಮನೆಯವರಿಗೆ ತಿಳಿಸಲು ಹದಿನೈದು ದಿನ ಬೇಕಾಯಿತು. ನನ್ನಂತೆ ಈ ಮಾತನ್ನು ಕೇಳಿಬಂದವರು ಸಭೆಯಲ್ಲಿ ಕೆಲವರಾದರೂ ಇರಬೇಕು; ಅವರಿಗಾಗಿಯೇ ಇದನ್ನು ಬಿಚ್ಚಿ ಹೇಳುತ್ತಿದ್ದೇನೆ.

ಉತ್ತರವು ಆಮೇಲೆ ತಿಳಿಯಿತು. ಈ ಹಂತದಲ್ಲಿ ಚಿಕಿತ್ಸೆಯು ಕಣ್ಣಿಗಲ್ಲ, ರಕ್ತಕ್ಕೆ. ಅಮೆರಿಕಾ ಮತ್ತು ಕೆನಡಾ ದೇಶಗಳಲ್ಲಿ, ಇನ್ಸುಲಿನ್ ಇಲ್ಲದೆ ಬದುಕಲಾರದ ಬಗೆಯ 1,441 ಮಂದಿ ಮಧುಮೇಹಿಗಳನ್ನು ಹಲವು ವರ್ಷ ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ಫಲವನ್ನು ನೋಡಿರಿ: ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರ ಪೈಕಿ, ಮೊದಲೇ ಅಲ್ಪಸ್ವಲ್ಪ ಬದಲಾವಣೆ ಇದ್ದವರಲ್ಲಿ ಅದು ಮುಂದುವರಿಯುವ ಸಂಭವವು ನೂರಕ್ಕೆ 54ರಷ್ಟು ಇಳಿಯಿತು. ನಡುವಯಸ್ಸಿನಲ್ಲಿ ಬರುವ ನಮ್ಮಂತಹವರ ಮಧುಮೇಹವನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಹೊರಬಂದ ಪರಿಶೀಲನೆಯಲ್ಲಿ ರಕ್ತದೊತ್ತಡವನ್ನು ಇಳಿಸಿದ ಮಾತ್ರದಿಂದಲೇ ಅಕ್ಷಿಪಟಲದ ಕೇಡು ಉಲ್ಬಣಿಸುವುದು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಆದಕಾರಣ ಒತ್ತಡವನ್ನೂ ಸಕ್ಕರೆಯನ್ನೂ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿಯೋ ಸಮೀಪದ ಆರೋಗ್ಯಕೇಂದ್ರದಲ್ಲಿಯೋ ಅಳೆಯಿಸಿಕೊಳ್ಳುವುದು ಕಣ್ಣಿನ ಚಿಕಿತ್ಸೆಯೇ ಸರಿ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ರಕ್ತಪರೀಕ್ಷೆಯೊಂದುಂಟು. ಹೆಚ್ಚಿನವರಿಗೆ ಅದು ನೂರಕ್ಕೆ 7ರ ಸುಮಾರಿನಲ್ಲಿರಬೇಕೆಂದು ವೈದ್ಯರು ಬಯಸುತ್ತಾರೆ. ಬಹುಕಾಲ ಏರಿದ್ದ ಸಕ್ಕರೆಯನ್ನು ಹಠಾತ್ತಾಗಿ ಇಳಿಸಿದರೆ ಕಣ್ಣು ಕೆಲವು ಕಾಲ ಕೆಡುವುದೂ ಉಂಟು. ಅದರಿಂದ ಇಳಿಸುವ ವೇಗವನ್ನು ವೈದ್ಯರಿಗೇ ಬಿಡತಕ್ಕದ್ದು. ಹೊಗೆಸೊಪ್ಪನ್ನಂತೂ ಬಿಡಲೇಬೇಕು.

ಊಟದ ಮಾತು. ಅಕ್ಕಿರೊಟ್ಟಿ, ಕಡುಬು, ಬೆಲ್ಲದ ಕಾಫಿ—ಇವನ್ನು ಬಿಟ್ಟು ಮಲೆನಾಡಿನವನು ಬದುಕುವುದೆಂತು ಎಂದು ನಗುವಿರಿ. ಬಿಡಬೇಕಾಗಿಲ್ಲ, ಮೂರು ಕಡುಬು ಒಂದಾಗಿ, ತಟ್ಟೆಯಲ್ಲಿ ಕಾಳೂ ಸೊಪ್ಪೂ ಹೆಚ್ಚಲಿ. ಕಾಫಿಯ ಬೆಲ್ಲವನ್ನು ಮಾತ್ರ ನಿಲ್ಲಿಸುವುದೊಳ್ಳೆಯದು. ದಾಸೋಹದಲ್ಲಿ ಪಾಯಸವನ್ನು ನಿರಾಕರಿಸಿದರೆ ಪ್ರಸಾದಕ್ಕೆ ಅಪಚಾರವಾದೀತೆಂದು ಅಂಜುವವರಿದ್ದಾರೆ. ಪ್ರಸಾದಕ್ಕೆ ಅಳತೆಯಿಲ್ಲ, ಒಂದು ಬೆರಳಿನಷ್ಟನ್ನು ಭಕ್ತಿಯಿಂದ ಸ್ವೀಕರಿಸಿದರೂ ಅದು ಪ್ರಸಾದವೇ. ಬಡಿಸುವ ತರುಣರು ಬಲವಂತ ಮಾಡಬಾರದೆಂದು ಬೇಡುವೆನು. ಇನ್ನು, ಉಪವಾಸದ ದಿನ ಇನ್ಸುಲಿನ್ನನ್ನೋ ಮಾತ್ರೆಯನ್ನೋ ವೈದ್ಯರನ್ನು ಕೇಳದೆ ತೆಗೆದುಕೊಳ್ಳುವುದೂ ಅಪಾಯ, ಬಿಡುವುದೂ ಅಪಾಯ. ಕಣ್ಣಿಗೆ ಜೇನನ್ನೋ ಸೊಪ್ಪಿನ ರಸವನ್ನೋ ಹಿಂಡುವವರುಂಟು. ಅದರಿಂದ ಒಳಗಿನ ಪಟಲಕ್ಕೆ ಯಾವ ಗುಣವೂ ಇಲ್ಲ, ಹೊರಗಣ್ಣು ಕೆಡುವುದೊಂದೇ ಫಲ.

ಒಂದು ವೇಳೆ ರೋಗವು ಮುಂದುವರಿದು ದೃಷ್ಟಿಯ ಮಧ್ಯಬಿಂದುವಿನಲ್ಲಿ ನೀರುತುಂಬಿದರೂ, ಹೊಸ ದುರ್ಬಲ ನಾಳಗಳು ಹುಟ್ಟಿದರೂ ಕೈಚೆಲ್ಲಿ ಕೂರುವ ಕಾಲ ಇದಲ್ಲ. ಲೇಸರ್ ಕಿರಣದ ಚಿಕಿತ್ಸೆಯು ತೀವ್ರವಾದ ದೃಷ್ಟಿನಾಶವನ್ನು ಅರ್ಧಕ್ಕಿಂತ ಹೆಚ್ಚಾಗಿ ತಡೆಯುವುದೆಂದು 1976ರಲ್ಲಿಯೇ ಸಿದ್ಧವಾಯಿತು. ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳೂ ಈಗ ಇವೆ. ಕಣ್ಣಿಲ್ಲದವರ ಬಾಳು ಬಾಳಲ್ಲವೆಂದು ನಾನು ಹೇಳುತ್ತಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಬಲ್ಲ ನಾಡು ಹಾಗೆನ್ನಲಾರದು. ಆದರೆ ಉಳಿಸಿಕೊಳ್ಳಬಹುದಾದ ಕಣ್ಣನ್ನು ಹಣೆಬರಹದ ಮೇಲೆ ಹಾಕಿ ಕಳೆದುಕೊಳ್ಳುವುದನ್ನು ಆ ಮಹನೀಯರ ಹೆಸರಿನಲ್ಲಿ ಸಮರ್ಥಿಸುವುದು ಸಲ್ಲದು.

ಕಡೆಯದಾಗಿ ಪ್ರಯಾಣದ ವಿಷಯ. ನಡುವಯಸ್ಸಿನಲ್ಲಿ ಬಂದ ಮಧುಮೇಹವು ಪತ್ತೆಯಾದ ಕೂಡಲೇ ಕಣ್ಣನ್ನು ಪರೀಕ್ಷಿಸಬೇಕು; ಆರಂಭದ ಬದಲಾವಣೆ ಇದ್ದರೆ ವರ್ಷಕ್ಕೊಮ್ಮೆ, ವೈದ್ಯರು ಹೇಳಿದರೆ ಇನ್ನೂ ಬೇಗ; ಗರ್ಭಿಣಿಯಾದ ಮಧುಮೇಹಿಗೆ ಆರಂಭದ ತಿಂಗಳುಗಳಲ್ಲಿಯೇ. ಮುಂಗಾರಿನಲ್ಲಿ ವನಗೂರಿನಿಂದ ಹೆತ್ತೂರಿನ ಮೇಲೆ ಸಕಲೇಶಪುರಕ್ಕೂ ಅಲ್ಲಿಂದ ಹಾಸನಕ್ಕೂ ಹೋಗಿಬರುವ ಕಷ್ಟವನ್ನು ಬಲ್ಲೆನು. ಕಾಫಿಯ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳನ್ನೇ ನಾನು ಇದಕ್ಕೆ ಗೊತ್ತುಮಾಡಿಕೊಂಡಿದ್ದೇನೆ. ಪಾಪೆಯನ್ನು ಹಿಗ್ಗಿಸುವ ತೊಟ್ಟುಗಳನ್ನು ಹಾಕಿದ ಮೇಲೆ ಕೆಲವು ತಾಸು ಬಿಸಿಲು ಕುಕ್ಕುವುದು, ಹತ್ತಿರದ ಅಕ್ಷರ ಕಾಣದು, ವಾಹನವನ್ನು ನಡೆಸಬಾರದು. ಆದಕಾರಣ ಜೊತೆಗೊಬ್ಬರಿರಲಿ, ಹಿಂದಿನ ವರ್ಷದ ಚೀಟಿಯು ಕೈಯಲ್ಲಿರಲಿ. ಒಂದೇ ಊರಿನ ನಾಲ್ಕಾರು ಮಂದಿ ಕೂಡಿ ಹೊರಡುವುದಾದರೆ, ಬರುವ ಮಾಘದಲ್ಲಿ ನಾನೂ ಅವರೊಡನೆ ಹೊರಡಲು ಸಿದ್ಧನಿದ್ದೇನೆ.